ಧಣಿ ಕೊಟ್ಟ ಮನೆ

ಪರದೇಶಕ್ಕೆ ಉದ್ಯೋಗಾರ್ಥಿಯಾಗಿ ಹೊರಡುವವನು ಕರಾರುಪತ್ರವನ್ನು ಓದುವಾಗ ಸಂಬಳದ ಅಂಕಿಯನ್ನು ನಾಲ್ಕು ಸಲ ನೋಡುತ್ತಾನೆ. ‘ವಸತಿ ಉಚಿತ’ ಎಂಬ ಸಾಲನ್ನು ಒಮ್ಮೆ ಓದಿ ಸಂತೋಷದಿಂದ ಮುಂದೆ ಸಾಗುತ್ತಾನೆ. ವಾಸ್ತವವಾಗಿ ಹೆಚ್ಚು ವಿಚಾರ ಮಾಡಬೇಕಾದದ್ದು ಆ ಸಾಲಿನ ವಿಷಯದಲ್ಲಿಯೇ. ಸಂಬಳವು ತಿಂಗಳಿಗೊಮ್ಮೆ ಕೈಸೇರಿ ತನ್ನದಾಗುತ್ತದೆ. ಮನೆಯಾದರೋ ಎಷ್ಟು ವರ್ಷ ವಾಸಿಸಿದರೂ ಧಣಿಯದಾಗಿಯೇ ಉಳಿಯುತ್ತದೆ.

ಹುಬ್ಬಳ್ಳಿಯ ಜೈನ ತರುಣನೊಬ್ಬನು ಬಿ.ಕಾಂ. ಮುಗಿಸಿ ದುಬೈ ನಗರದ ಒಂದು ವ್ಯಾಪಾರ ಸಂಸ್ಥೆಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದ್ದನು. ಮೊದಲ ವರ್ಷ ಕರಾಮಾ ಬಡಾವಣೆಯಲ್ಲಿ, ಅಲ್ಲಿಯವರು ‘ಬೆಡ್‌ಸ್ಪೇಸ್’ ಎಂದು ಕರೆಯುವ ಒಂದು ಮಂಚದಷ್ಟು ಜಾಗವನ್ನು ಬಾಡಿಗೆಗೆ ಹಿಡಿದಿದ್ದನು. ಅಲ್ಲಿ ಸ್ವತಂತ್ರವಾಗಿ ಮನೆ ಹಿಡಿಯುವುದು ಸುಲಭವಲ್ಲ. ಮುಂಗಡ ಠೇವಣಿ, ದಲ್ಲಾಳಿಯ ಕಮಿಷನ್, ಅಲ್ಲದೆ ವರ್ಷದ ಬಾಡಿಗೆಗೆ ಮುಂದಿನ ದಿನಾಂಕಗಳ ಚೆಕ್ಕುಗಳನ್ನು ಮೊದಲೇ ಬರೆದುಕೊಡಬೇಕು. ಹೊಸದಾಗಿ ಬಂದವನ ಬಳಿ ಇಷ್ಟೆಲ್ಲ ಎಲ್ಲಿರಬೇಕು? ಆದುದರಿಂದ ಸಂಸ್ಥೆಯವರು ದೇರಾದಲ್ಲಿ ನೌಕರರಿಗಾಗಿ ಹಿಡಿದಿದ್ದ ಮನೆಗೆ ಬರುವಂತೆ ಹೇಳಿದಾಗ ಅವನು ಒಪ್ಪಿದನು. ವಸತಿ ಭತ್ಯೆ ನಿಂತಿತು. ಒಂದು ಕೋಣೆಯ ಅರ್ಧಭಾಗ ದೊರೆಯಿತು.

ಆ ದೇಶದ ಕಾಯಿದೆಯೂ ಈ ಎರಡು ದಾರಿಗಳನ್ನು ಅಂಗೀಕರಿಸಿದೆ. 2021ರ 33ನೆಯ ಕಾರ್ಮಿಕ ಕಾಯಿದೆಯಂತೆ ಧಣಿಯು ಯೋಗ್ಯವಾದ ವಸತಿಯನ್ನು ಕೊಡಬೇಕು, ಇಲ್ಲವೆ ಅದರ ಭತ್ಯೆಯನ್ನು ಕೊಡಬೇಕು, ಅಥವಾ ಅದನ್ನು ವೇತನದಲ್ಲಿ ಸೇರಿಸಬೇಕು. ಕಾರ್ಮಿಕ ವಸತಿಗಳಲ್ಲಿ ತಲೆಗೆ ಕನಿಷ್ಠ 3 ಚದರ ಮೀಟರ್ ಜಾಗವಿರಬೇಕೆಂಬ ನಿಯಮವೂ ಉಂಟು. ಕಾಗದದ ಮೇಲಿನ ಅಳತೆ ಎಲ್ಲೆಡೆಯೂ ನೆಲದ ಮೇಲೆ ಇಳಿಯುವುದಿಲ್ಲವೆಂಬುದು ಬೇರೆ ಮಾತು. ನೆರೆಯ ಕುವೈತಿನ ಮಂಗಾಫ್‌ನಲ್ಲಿ 2024ರ ಜೂನ್ 12ರಂದು ಇಂಥದೇ ನೌಕರರ ವಸತಿಗೃಹಕ್ಕೆ ಬೆಂಕಿ ಬಿದ್ದು ಅನೇಕ ಮಂದಿ ಭಾರತೀಯರು ಅಸುನೀಗಿದರು. ಧಣಿ ತೋರಿಸಿದ ಕಟ್ಟಡದಲ್ಲಿ ಮಲಗಿದವನಿಗೆ ಆ ಕಟ್ಟಡವನ್ನು ಆರಿಸುವ ಅಧಿಕಾರವಿರಲಿಲ್ಲ.

ದೇರಾದ ಮನೆಯಲ್ಲಿ ಅಂಥ ಭಯವೇನೂ ಇರಲಿಲ್ಲ. ಏಳು ಜನರಿದ್ದರು: ಗೋದಾಮಿನ ಮೇಲ್ವಿಚಾರಕ, ಚಾಲಕರು, ಮಾರಾಟದ ಹುಡುಗರು. ತರುಣನು ಗೆಡ್ಡೆಗೆಣಸು ಮುಟ್ಟದವನೆಂದೂ ಸೂರ್ಯಾಸ್ತದ ಮೇಲೆ ಉಣ್ಣದವನೆಂದೂ ತಿಳಿದಾಗ ಅವರು ನಗಲಿಲ್ಲ. ಒಂದು ಒಲೆಯನ್ನೂ ಕಪಾಟಿನ ಒಂದು ಹಲಗೆಯನ್ನೂ ಅವನಿಗಾಗಿ ಬಿಟ್ಟುಕೊಟ್ಟರು. ಕಚೇರಿ ಬಿಡುವ ಹೊತ್ತಿಗೆ ಕತ್ತಲಾಗುವ ದಿನಗಳಲ್ಲಿ ಬೆಳಗಿನಲ್ಲೇ ಬುತ್ತಿ ಕಟ್ಟಿಕೊಳ್ಳುತ್ತಿದ್ದನು. ಅವನು ಒಲೆ ಹಚ್ಚುವ ಮೊದಲು ಅದನ್ನು ಒರೆಸಿಡುತ್ತಿದ್ದವನು ಗೋದಾಮಿನ ಮೇಲ್ವಿಚಾರಕನೇ. ಅವನು ಅನ್ಯಮತೀಯನು, ವಯಸ್ಸಿನಲ್ಲಿ ಹಿರಿಯನು.

ಕಷ್ಟ ಬೇರೆ ದಿಕ್ಕಿನಿಂದ ಬಂದಿತು. ಕಂಟೇನರ್ ಬಂದಿದೆಯೆಂದು ರಾತ್ರಿ ಹತ್ತು ಗಂಟೆಗೆ ಕರೆ ಬರುವುದು ವಾಡಿಕೆಯಾಯಿತು. ಎಲ್ಲರೂ ಒಂದೇ ಕಡೆ ಇರುವುದರಿಂದ ಕರೆಯುವವರಿಗೆ ಸಂಕೋಚವೂ ಇರಲಿಲ್ಲ. ಅದನ್ನು ತರುಣನು ಸಹಿಸಿದನು. ಒಂದು ದಿನ ವ್ಯವಸ್ಥಾಪಕರು ಅವನನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, ಮನೆಯಲ್ಲಿ ಯಾರು ಬೇರೆ ಕೆಲಸ ಹುಡುಕುತ್ತಿದ್ದಾರೆ, ರಜೆಯ ದಿನ ಯಾರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಆಗಾಗ ತಿಳಿಸುತ್ತಿರಬೇಕೆಂದು ಸೌಮ್ಯವಾಗಿಯೇ ಹೇಳಿದರು. “ಸಂಸ್ಥೆ ನಿಮಗೆ ಮನೆ ಕೊಟ್ಟಿದೆಯಲ್ಲವೆ?” ಎಂದು ಸೇರಿಸಿದರು. ಗೋದಾಮಿನ ಮೇಲ್ವಿಚಾರಕನು ಎರಡು ಶುಕ್ರವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ರಮಾಣಪತ್ರಗಳ ಕಡತ ಹಿಡಿದು ಹೊರಗೆ ಹೋದದ್ದನ್ನು ತರುಣನು ಕಂಡಿದ್ದನು.

ಆ ರಾತ್ರಿ ಊರಿಗೆ ದೂರವಾಣಿ ಮಾಡಿದಾಗ ತಾಯಿ, “ಅವ್ರ ಮನ್ಯಾಗ ಅದೀ ತಮ್ಮಾ, ಅವ್ರ ಮಾತು ಮೀರಬ್ಯಾಡಪಾ” ಎಂದರು. ಉಪ್ಪಿನ ಋಣವನ್ನು ದೊಡ್ಡದೆಂದು ತಿಳಿದ ಮನೆತನದ ಮಾತು ಅದು, ಅದರಲ್ಲಿ ಕಪಟವಿಲ್ಲ. ಆದರೆ ಋಣವೆಂಬುದು ಇಲ್ಲಿ ನಿಜವಾಗಿ ಇತ್ತೇ? ಇದಕ್ಕೆ ಉತ್ತರವು ತರುಣನ ಕೈಯಲ್ಲೇ ಇತ್ತು. ತಿಂಗಳ ಕೊನೆಗೆ ಆ ಮನೆಯ ಬಾಡಿಗೆಯನ್ನು ಪುಸ್ತಕಕ್ಕೆ ಏರಿಸುತ್ತಿದ್ದವನು ಅವನೇ. ಅದು ‘ನೌಕರರ ವಸತಿ ವೆಚ್ಚ’ ಎಂದು ವೇತನದ ಬಗಲಿನಲ್ಲೇ ಬೀಳುತ್ತಿತ್ತೇ ಹೊರತು ಧರ್ಮಾರ್ಥದ ಖಾತೆಯಲ್ಲಿ ಬೀಳುತ್ತಿರಲಿಲ್ಲ. ದುಡಿಮೆಗೆ ಪ್ರತಿಯಾಗಿ ಒಮ್ಮೆ ಸಂದಾಯವಾದದ್ದನ್ನು ಉಪಕಾರವೆಂದು ಎರಡನೆಯ ಸಲ ವಸೂಲು ಮಾಡುವುದು ಯಾವ ವ್ಯಾಪಾರಿಗೂ ಶೋಭಿಸದು. ಹುಬ್ಬಳ್ಳಿ, ಬೆಳಗಾವಿಯ ಪೇಟೆಗಳಲ್ಲಿ ಹಳ್ಳಿಯ ಹುಡುಗರನ್ನು ಅಂಗಡಿಯ ಮಾಳಿಗೆಯಲ್ಲಿ ಇರಿಸಿಕೊಂಡು, ಬೆಳಗಿನ ಐದಕ್ಕೇ ಎಬ್ಬಿಸುವ ಸಾಹುಕಾರರೂ ಈ ಮಾತನ್ನು ಕೇಳಿಸಿಕೊಳ್ಳಬಹುದು.

ಅನ್ನ ಕೊಡುವ ಕೈಯೇ ಸೂರನ್ನೂ ಕೊಟ್ಟರೆ ಪಡೆಯುವವನ ಸ್ವಾತಂತ್ರ್ಯ ಕುಗ್ಗುತ್ತದೆಂಬ ವಿಚಾರ ಹೊಸದಲ್ಲ. ಮುನಿಗಳಿಗೆ ‘ಭಗವತೀ ಆರಾಧನೆ’ಯು ಹೇಳುವ ಹತ್ತು ಸ್ಥಿತಿಕಲ್ಪಗಳಲ್ಲಿ ಶಯ್ಯಾಧರಪಿಂಡ ತ್ಯಾಗವೂ ಒಂದು: ತಂಗಲು ವಸತಿ ಕೊಟ್ಟವನ ಆಹಾರವನ್ನು ಮುನಿಯು ಸ್ವೀಕರಿಸಲಾಗದು. ಸರ್ವಸಂಗ ಪರಿತ್ಯಾಗಿಗಳನ್ನೇ ಒಬ್ಬ ಗೃಹಸ್ಥನ ಎರಡು ಉಪಕಾರಗಳ ಕೆಳಗೆ ನಿಲ್ಲಿಸಬಾರದೆಂದು ಎಣಿಸಿದ ಮೇಲೆ, ಸಂಸಾರ ಹೊತ್ತ ನೌಕರನ ಪಾಡೇನು? ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1961ರಲ್ಲಿ ಅಂಗೀಕರಿಸಿದ 115ನೆಯ ಶಿಫಾರಸೂ ಇದೇ ಅರ್ಥದ್ದು. ಉದ್ಯಮವು ಜನವಸತಿಯಿಂದ ದೂರವಿರುವುದೇ ಮೊದಲಾದ ಅನಿವಾರ್ಯ ಸಂದರ್ಭಗಳನ್ನು ಬಿಟ್ಟರೆ, ಧಣಿಯೇ ನೇರವಾಗಿ ನೌಕರರಿಗೆ ಮನೆ ಒದಗಿಸುವುದು ಸಾಮಾನ್ಯವಾಗಿ ಅಪೇಕ್ಷಣೀಯವಲ್ಲವೆಂದು ಅದು ಹೇಳುತ್ತದೆ.

ಇನ್ನು ಸುದ್ದಿ ಮುಟ್ಟಿಸುವ ಪ್ರಶ್ನೆ. ತರುಣನು ಹೇಳಬೇಕಾಗಿದ್ದುದು ಸುಳ್ಳಲ್ಲ, ಕಣ್ಣಾರೆ ಕಂಡ ನಿಜ. ಆದರೂ ಒಬ್ಬನ ಚೇಷ್ಟೆಯಿಂದ ಅವನ ಅಂತರಂಗದ ಅಭಿಪ್ರಾಯವನ್ನು ಊಹಿಸಿ ಮತ್ತೊಬ್ಬರಿಗೆ ತಿಳಿಸುವುದನ್ನು ಸಾಕಾರಮಂತ್ರಭೇದವೆಂದು ಕರೆದು, ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿಯೇ ಎಣಿಸಿದೆ. ಒಂದೇ ಸೂರಿನಡಿ ಮಲಗುವವನಿಗೆ ಇಂಥ ಸಂಗತಿಗಳು ಬೇಡವೆಂದರೂ ಕಣ್ಣಿಗೆ ಬೀಳುತ್ತವೆ. ಅವನ್ನು ಅಲ್ಲಿಯೇ ಬಿಡುವುದು ಆ ಮನೆಯಲ್ಲಿ ವಾಸಿಸುವವನ ಧರ್ಮ.

ಮರುದಿನ ಅವನು ವ್ಯವಸ್ಥಾಪಕರ ಬಳಿಗೆ ಹೋಗಿ, “ಸರಕಿನ ಲೆಕ್ಕ ಎಷ್ಟು ಹೊತ್ತಿಗೆ ಕೇಳಿದರೂ ಒಪ್ಪಿಸುತ್ತೇನೆ ಸರ್, ಜೊತೆಯವರ ಲೆಕ್ಕ ನನ್ನಿಂದಾಗದು” ಎಂದನು. ಅವರು ಸಿಟ್ಟಾಗಲಿಲ್ಲ. ಎರಡು ತಿಂಗಳ ತರುವಾಯ, ಹೊಸಬನೊಬ್ಬನು ಬರುತ್ತಿರುವುದರಿಂದ ಆ ಮಂಚವನ್ನು ತೆರವು ಮಾಡಬೇಕೆಂದೂ ಭತ್ಯೆಯನ್ನು ಮತ್ತೆ ಕೊಡಲಾಗುವುದೆಂದೂ ತಿಳಿಸಿದರು. ಮೂರು ವಾರಗಳ ಅವಕಾಶ ಸಿಕ್ಕಿತು. ಗೋದಾಮಿನ ಮೇಲ್ವಿಚಾರಕನು ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕಿ ಹೊರಟಿದ್ದನು; ನಡೆದದ್ದು ಅವನಿಗೆ ತಿಳಿಯಲೇ ಇಲ್ಲ.

ತರುಣನು ಈಗ ಶಾರ್ಜಾದಲ್ಲಿ ಒಂದು ಕೋಣೆ ಹಿಡಿದಿದ್ದಾನೆ. ಸಂಜೆಯ ವಾಹನ ದಟ್ಟಣೆಯಲ್ಲಿ ಮನೆ ಸೇರಲು ಒಂದೂವರೆ ಗಂಟೆ ಬೇಕಾಗುತ್ತದೆ. ಆ ಹೊತ್ತಿಗೆ ಸೂರ್ಯ ಮುಳುಗಿರುವುದರಿಂದ ಎರಡೂ ಹೊತ್ತಿನ ಬುತ್ತಿಯನ್ನು ಕಚೇರಿಯಲ್ಲಿಯೇ ಮುಗಿಸುತ್ತಾನೆ. ಬಾಡಿಗೆಯು ಭತ್ಯೆಗಿಂತ 150 ದಿರ್ಹಾಮ್ ಹೆಚ್ಚಾಗುತ್ತದೆ. ಅದನ್ನು ತನ್ನ ಸ್ವಂತ ಜಮಾಖರ್ಚಿನ ಪುಸ್ತಕದಲ್ಲಿ ಬಾಡಿಗೆಯೆಂದೇ ಬರೆದುಕೊಳ್ಳುತ್ತಾನೆ. ನಷ್ಟದ ಕಡೆಗೆ ಹಾಕುವುದಿಲ್ಲ.