ಅಮ್ಮನ ಮಂಡಿ, ಪೋರ್ಟಿಕೊದ ಮೂರು ಇಂಚು

ಉಡುಪಿ
27 ಡಿಸೆಂಬರ್ 2025, ರಾತ್ರಿ

ಅಕ್ಕ,

ಅಮ್ಮ ಊಟ ಮುಗಿಸಿ ಮಲಗಿದ್ದಾಳೆ. ಮಕ್ಕಳು ಮಲ್ಪೆಯ ಮರಳನ್ನು ಲಾಡ್ಜಿನ ಹಾಸಿಗೆಯವರೆಗೂ ತಂದು, ಅದರ ಮೇಲೇ ನಿದ್ದೆ ಹೋಗಿದ್ದಾರೆ. ಫೋನಿನಲ್ಲಿ ಕೇಳಿದರೆ ನಾನು ಕಾರಿನ ಬಗ್ಗೆ "ಚೆನ್ನಾಗಿದೆ ಕಣೆ, ಚೆನ್ನಾಗಿದೆ" ಅಂತ ಎರಡು ಸಲ ಹೇಳಿ ಇಟ್ಟುಬಿಡುತ್ತೇನೆ ಎಂದು ನಿನಗೆ ಗೊತ್ತು. "ಅರ್ಧ ದುಡ್ಡು ನಂದು, ಕೂರೋಳು ಅಮ್ಮ, ಕೂತು ಬರೆದು ಕಳಿಸು" ಅಂದೆಯಲ್ಲ. ಅದಕ್ಕೇ ಈ ಕಾಗದ.

ಕಾರು ನಮ್ಮ ಆಫೀಸಿನ ಒಬ್ಬರದು. 2019ರ ಸಿಯಾಜ್, ಪೆಟ್ರೋಲ್, ಐದು ಗೇರಿನದು, ಓಡಿರುವುದು 46,000 ಕಿಲೋಮೀಟರ್. ಅವರಿಗೆ ದೂರದ ಊರಿಗೆ ವರ್ಗವಾಗಿದೆ. ಕೇಳುತ್ತಿರುವುದು ಆರು ಮುಕ್ಕಾಲು ಲಕ್ಷ. "ಊರೊಳಗೆ ಎರಡು ಸುತ್ತು ಹೊಡೆದರೆ ಏನೂ ಗೊತ್ತಾಗಲ್ಲ, ನಾಲ್ಕು ದಿನ ಇಟ್ಕೊಳ್ಳಿ, ಅಮ್ಮನವರನ್ನ ಉಡುಪಿಗೆ ಕರ್ಕೊಂಡು ಹೋಗಿ ಬನ್ನಿ, ಆಮೇಲೆ ಹೇಳಿ" ಎಂದು ಕೀ ಕೊಟ್ಟರು. ಮಾರುವವರು ಇಷ್ಟು ಧೈರ್ಯವಾಗಿ ಕೊಟ್ಟಾಗ ಅರ್ಧ ಅನುಮಾನ ಹೋಗುತ್ತದೆ. ಉಳಿದರ್ಧ ಹೆಂಡತಿಯ ಹತ್ತಿರ ಇರುತ್ತದೆ.

ಹೊರಡುವ ಹಿಂದಿನ ರಾತ್ರಿ ಕಾರನ್ನು ತುಮಕೂರಿನ ಮನೆಗೆ ತಂದು ಪೋರ್ಟಿಕೊದಲ್ಲಿ ನಿಲ್ಲಿಸಲು ಹೋದೆ ನೋಡು, ಮೊದಲ ಪರೀಕ್ಷೆ ಅಲ್ಲೇ. ಅಪ್ಪ ಕಟ್ಟಿಸಿದ ಪೋರ್ಟಿಕೊ ಸರಿಯಾಗಿ 15 ಅಡಿ. ಈ ಕಾರು 4,490 ಮಿಲಿಮೀಟರ್. ಟೇಪು ಹಿಡಿದು ಲೆಕ್ಕ ಹಾಕಿದರೆ ಉಳಿಯುವುದು ಮೂರು ಇಂಚು. ಗೇಟು ಒಳಕ್ಕೆ ತೆರೆಯುತ್ತದೆ, ಅದನ್ನು ಹೊರಕ್ಕೆ ತಿರುಗಿಸಿ ಕೂರಿಸಬೇಕು. ನಮ್ಮ ಹಳೇ ವ್ಯಾಗನ್ ಆರ್ ಪಕ್ಕದಲ್ಲಿ ಸ್ಕೂಟರೂ ತುಳಸಿ ಕುಂಡವೂ ಇರುತ್ತಿದ್ದವು. ಇನ್ನು ಸ್ಕೂಟರ್ ರಸ್ತೆಗೆ. ತುಳಸಿಯ ವಿಷಯ ಅಮ್ಮನ ಹತ್ತಿರ ಇನ್ನೂ ಎತ್ತಿಲ್ಲ.

ಗುರುವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಗುಬ್ಬಿ, ನಿಟ್ಟೂರು ದಾಟುವವರೆಗೆ ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡವರಂತೆ ನೆಟ್ಟಗೆ ಕೂತಿದ್ದರು. ತಿಪಟೂರಿನಲ್ಲಿ ತಿಂಡಿಗೆ ನಿಲ್ಲಿಸಿದೆ. ಮುಖ್ಯ ವಿಷಯ ಗೊತ್ತಾದದ್ದು ಅಲ್ಲಿ. ಅಮ್ಮನಿಗೆ ಏಳಲು ಆಗಲಿಲ್ಲ. ಬಾಗಿಲು ಪೂರ್ತಿ ತೆರೆದಿದೆ, ಒಂದು ಕಾಲು ಹೊರಗೆ ಬಂದಿದೆ, ಕೈ ಬಾಗಿಲ ಮೇಲಿನ ಹಿಡಿಯಲ್ಲಿದೆ, ಮಂಡಿ ಮಾತ್ರ ಒಪ್ಪುತ್ತಿಲ್ಲ. ಹಳೇ ವ್ಯಾಗನ್ ಆರ್‌ಗೆ ಅವಳು ಹತ್ತುತ್ತಿದ್ದಳು, ಇಳಿಯುತ್ತಿದ್ದಳು. ಇದಕ್ಕೆ ಇಳಿದು ಕೂರಬೇಕು, ಎದ್ದು ಹೊರಗೆ ಬರಬೇಕು. ನಾನು ಇಷ್ಟು ದಿನ ಇಂಜಿನ್ನು, ಮೈಲೇಜು, ಪಿಕಪ್ಪು ಎಂದು ಓದಿದ್ದೇ ಓದಿದ್ದು. ಸೀಟು ನೆಲದಿಂದ ಎಷ್ಟು ಎತ್ತರ ಎಂದು ಒಂದು ಸಲವೂ ನೋಡಿರಲಿಲ್ಲ. ಮಗ ಬಂದು ಹೆಗಲು ಕೊಟ್ಟ. ಹೋಟೆಲಿನ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತ ಅಮ್ಮ, "ಕಾರು ಚೆನ್ನಾಗಿದೆ ಕಣೋ, ಬಾವಿ ಥರ ಇದೆ ಅಷ್ಟೇ" ಅಂದಳು.

ಮುಂದೆ ನಾನೂ ಸ್ಟಿಯರಿಂಗ್ ಬಿಟ್ಟೆ. ಅರಸೀಕೆರೆಯಿಂದ ತರೀಕೆರೆವರೆಗೆ ನಿನ್ನ ನಾದಿನಿ ಓಡಿಸಿದಳು, ನಾನು ಹಿಂದೆ, ಅಮ್ಮನಿಗೂ ಮಗನಿಗೂ ನಡುವೆ. ಮೊದಲು ಪುಟ್ಟಿ ಕೂತಿದ್ದ ಜಾಗ ಅದು. ಅಕ್ಕ, ಐದು ಜನರ ಕಾರು ಎಂದು ಬರೆಯುವವರನ್ನು ಒಂದು ಗಂಟೆ ಆ ನಡುವಿನ ಸೀಟಿನಲ್ಲಿ ಕೂರಿಸಬೇಕು. ಪಾದದ ಕೆಳಗೆ ನೆಲ ಉಬ್ಬಿಕೊಂಡಿದೆ, ಅದರ ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು. ಬೆನ್ನಿನ ಜಾಗ ಗಟ್ಟಿ, ಎಸಿ ಗಾಳಿ ನೇರವಾಗಿ ಮಂಡಿಗೆ. ಪುಟ್ಟಿಗೆ ಪರವಾಗಿಲ್ಲ, ಅವಳು ಎಂಟು ವರ್ಷದವಳು. ದೊಡ್ಡವರಿಗೆ ಅದು ಸೀಟಲ್ಲ, ದಾಕ್ಷಿಣ್ಯ. ಆದರೆ ಪಕ್ಕದ ಎರಡು ಸೀಟು ಮಾತ್ರ ಎಂಥ ಸುಖ ಎನ್ನುವುದೂ ಅಲ್ಲೇ ಕೂತಾಗ ಕಂಡಿತು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 2,650 ಮಿಲಿಮೀಟರ್ ಅಂತರ, ಆ ಉದ್ದವೆಲ್ಲ ಹಿಂದೆ ಕೂತವರ ಕಾಲಿಗೆ ಬಂದಿದೆ. ನಿನ್ನ ಅಳಿಯ ಹದಿನೈದಕ್ಕೇ ನನ್ನ ಎತ್ತರ ದಾಟಿದ್ದಾನಲ್ಲ, ಅವನು ಕಾಲು ಮೇಲೆ ಕಾಲು ಹಾಕಿ ಕೂತಿದ್ದ. ಅಮ್ಮ ಕಡೂರು ಬರುವಷ್ಟರಲ್ಲಿ ತಲೆ ಹಿಂದಕ್ಕೆ ಒರಗಿಸಿ ನಿದ್ದೆ. ಕತ್ತು ಅತ್ತಿತ್ತ ವಾಲಲಿಲ್ಲ, ಬಾಯಿ ಸ್ವಲ್ಪ ತೆರೆದಿತ್ತು. ವ್ಯಾಗನ್ ಆರ್‌ನಲ್ಲಿ ಅವಳು ನಿದ್ದೆ ಮಾಡಿದ್ದು ನನಗೆ ನೆನಪಿಲ್ಲ.

ತರೀಕೆರೆ ಹತ್ತಿರ ಅಡಿಕೆ ತೋಟಗಳ ನಡುವೆ ಯಾರೋ ಪುಣ್ಯಾತ್ಮರು ಹಾಕಿಸಿದ ಒಂದು ಹಂಪು. ಐದು ಜನ, ತುಂಬಿದ ಡಿಕ್ಕಿ. ತಳಕ್ಕೂ ನೆಲಕ್ಕೂ ಇರುವುದು 170 ಮಿಲಿಮೀಟರ್, ಅದೂ ಖಾಲಿ ಕಾರಿಗೆ. 'ಕರ್' ಎಂದಿತು. ನಿನ್ನ ನಾದಿನಿ ಮುಂದಿನ ಹಂಪಿನಿಂದ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಲು ಕಲಿತಳು. ಮತ್ತೆ ತಾಗಲಿಲ್ಲ.

ಭಾವನವರು ಇದನ್ನೇ ಹೇಳುತ್ತಿದ್ದರು: ಈ ಕಾಲದಲ್ಲಿ ಸೆಡಾನ್ ಯಾರು ತಗೋತಾರೆ, ಎತ್ತರದ ಗಾಡಿ ತಗೊಳ್ಳಿ ಅಂತ. ಅವರ ಮಾತು ಸರಿ. ಯಾರೂ ತಗೊಳ್ಳುತ್ತಿಲ್ಲ. 2014ರಲ್ಲಿ ಬಂದ ಸಿಯಾಜ್ 2025ರ ಏಪ್ರಿಲ್‌ನಲ್ಲಿ ನಿಂತೇ ಹೋಯಿತು. ಆದರೆ ಸಂತೆ ಮುಗಿಯುವ ಹೊತ್ತಿಗೆ ಹೋದವನಿಗೇ ತರಕಾರಿ ಅಗ್ಗ. ಅದಕ್ಕೇ ಈ ಗಾತ್ರದ ಕಾರು ನಮ್ಮ ಕೈಗೆಟುಕುವ ಬೆಲೆಗೆ ಬಂದಿದೆ. ಇನ್ನೊಂದು ತಮಾಷೆ ಹೇಳುತ್ತೇನೆ, ಭಾವನವರಿಗೂ ಓದಿ ಹೇಳು. ನಾಲ್ಕು ಮೀಟರ್ ಒಳಗಿನ ಸಣ್ಣ ಕಾರಿಗೆ ತೆರಿಗೆ ಕಡಿಮೆ ಎಂದು ಕೇಂದ್ರ ಸರ್ಕಾರ 2006ರಲ್ಲಿ ಮಾಡಿದ ಮೇಲೆ ಕಂಪನಿಗಳು ಡಿಕ್ಕಿ ಕಾರುಗಳ ಬಾಲವನ್ನೇ ಕತ್ತರಿಸಿದವು. ನಮ್ಮ ಬೀದಿಯಲ್ಲಿ ಕಾಣುವ ಮೋಟು ಬಾಲದ ಕಾರುಗಳು ಹಾಗೆ ಹುಟ್ಟಿದವು. ಈಗಿನ ಜಿಎಸ್‌ಟಿಯಲ್ಲೂ ಅದೇ ಗೆರೆ. ನಾಲ್ಕು ಮೀಟರ್ ಮತ್ತು 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಶೇ 18, ಅದನ್ನು ದಾಟಿದರೆ ಶೇ 40. ಅಂದರೆ ಹೊಸದಾಗಿ ಕೊಂಡರೆ ಬಾಲದ ಒಂದೂವರೆ ಅಡಿಗೆ ದಂಡ ಕಟ್ಟಿದ ಹಾಗೆ. ಹಳೆಯದರಲ್ಲಿ ಆ ದಂಡವನ್ನು ಇನ್ನೊಬ್ಬರು ಕಟ್ಟಿ ಮುಗಿಸಿದ್ದಾರೆ. ಕರ್ನಾಟಕದ ಜೀವಾವಧಿ ರಸ್ತೆ ತೆರಿಗೆಯನ್ನೂ ಅವರೇ ಕಟ್ಟಿದ್ದಾರೆ. ಹತ್ತರಿಂದ ಇಪ್ಪತ್ತು ಲಕ್ಷದ ಹೊಸ ಕಾರಿಗೆ ಅದು ಶೇ 17, ಮೇಲೆ ಸೆಸ್ಸು ಬೇರೆ.

ಆ ಬಾಲದಲ್ಲಿ ಏನು ಹಿಡಿಯುತ್ತದೆ ಎಂದು ಕೇಳು. 510 ಲೀಟರ್ ಎಂದು ಕಂಪನಿ ಬರೆದಿದೆ, ಅದು ನಿನಗೂ ಅರ್ಥವಾಗದು, ನನಗೂ. ನಾವು ಹಾಕಿದ್ದು ಎರಡು ದೊಡ್ಡ ಸೂಟ್‌ಕೇಸು, ಮೂರು ಬ್ಯಾಗು, ಅಮ್ಮನ ಮಡಚುವ ಕಮೋಡ್ ಕುರ್ಚಿ, ಹತ್ತು ತೆಂಗಿನಕಾಯಿ, ಮಕ್ಕಳ ಕ್ರಿಕೆಟ್ ಬ್ಯಾಟು. ಈಗ ಅದರ ಮೇಲೆ ಎರಡು ಕೆಜಿ ಮಟ್ಟುಗುಳ್ಳವೂ ಸೇರಿದೆ. ಹುಳಿ ಮಾಡುವ ದಿನ ನೀನೂ ಬಾ. ಒಂದೇ ಕೊರತೆ, ಒಳಗೆ ಜಾಗ ದೊಡ್ಡದು, ಬಾಯಿ ಚಿಕ್ಕದು, ಹಿಂದಿನ ಸೀಟು ಮಡಚುವುದಿಲ್ಲ. ನಿನ್ನ ಹೊಲಿಗೆ ಯಂತ್ರವನ್ನು ಇದರಲ್ಲಿ ತರುತ್ತೇನೆ ಎಂದಿದ್ದೆನಲ್ಲ, ಆ ಮಾತು ವಾಪಸ್.

ಶಿವಮೊಗ್ಗ ದಾಟಿದ ಮೇಲೆ ರಸ್ತೆಯೇ ಬೇರೆ. ಸಕ್ರೆಬೈಲು, ಮಂಡಗದ್ದೆ, ಪಕ್ಕದಲ್ಲೇ ತುಂಗೆ, ಮೇಲೆ ಮರಗಳ ಚಪ್ಪರ. ನಾಲ್ಕು ಗಂಟೆ ಹೊತ್ತಿಗೆ ತೀರ್ಥಹಳ್ಳಿಯ ಚಿಕ್ಕಮ್ಮನ ಮನೆ. ಅಮ್ಮ ಕಾರಿನಿಂದ ಏಳುವ ಪರಿ ನೋಡಿ ಚಿಕ್ಕಮ್ಮ ಏನೂ ಮಾತಾಡಲಿಲ್ಲ. ರಾತ್ರಿ ಊಟವಾದ ಮೇಲೆ ಒಂದು ಹಳೇ ಇಳಕಲ್ ಸೀರೆ ತೆಗೆದು, ಎಂಟು ಮಡಿಕೆ ಮಾಡಿ, ಒಳಗೆ ಹರಿದ ಬೆಡ್‌ಶೀಟು ಇಟ್ಟು ನಾಲ್ಕು ಮೂಲೆಗೂ ದಬ್ಬಣದಲ್ಲಿ ಹೊಲಿಗೆ ಹಾಕಿದಳು. ನಾಲ್ಕು ಬೆರಳು ದಪ್ಪದ ದಿಂಬು. ಬೆಳಿಗ್ಗೆ ಅದನ್ನು ಹಿಂದಿನ ಎಡ ಸೀಟಿಗೆ ಹಾಕಿ, "ಅಕ್ಕಾ, ಮೊದಲು ಅಡ್ಡಡ್ಡ ಕೂತ್ಕೋ, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಗೋ. ಇಳಿಯುವಾಗಲೂ ಹಾಗೇ, ಎರಡೂ ಕಾಲು ಹೊರಗಿಟ್ಟೇ ಏಳು" ಎಂದು ಪಾಠ ಮಾಡಿದಳು. ಅಮ್ಮ ಎದ್ದಳು. ಸಲೀಸಾಗಿ ಎಂದರೆ ಸುಳ್ಳಾಗುತ್ತದೆ, ಹೆಗಲಿಲ್ಲದೆ ಎಂದರೆ ಸರಿ.

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಸೆಕೆಂಡ್ ಗೇರಿನಲ್ಲೇ ಇಳಿಸಿದೆ. ಪುಟ್ಟಿಗೆ ಘಾಟಿ ಎಂದರೆ ವಾಂತಿ, ನಿನಗೆ ಗೊತ್ತೇ ಇದೆ. ಕೈಯಲ್ಲಿ ನಿಂಬೆಹಣ್ಣು, ಮಡಿಲಲ್ಲಿ ಕವರು ಹಿಡಿದು ಮುಂದಿನ ಸೀಟಿನಲ್ಲಿ ಶಿಕ್ಷೆಗೆ ಕಾದವಳ ಹಾಗೆ ಕೂತಿದ್ದಳು. ಸೋಮೇಶ್ವರ ಬಂದರೂ ಕವರು ಖಾಲಿ. ಕಳೆದ ಬೇಸಿಗೆಯಲ್ಲಿ ಭಾವನವರ ಎತ್ತರದ ಗಾಡಿಯಲ್ಲಿ ಇದೇ ಘಾಟಿಯಲ್ಲಿ ಎರಡು ಸಲ ನಿಲ್ಲಿಸಿದ್ದೆವು. ಎತ್ತರದ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ, ನೆಲಕ್ಕೆ ಹತ್ತಿರದ್ದು ಕಡಿಮೆ ವಾಲುತ್ತದೆ. ಅಮ್ಮನ ಮಂಡಿಗೆ ಶತ್ರುವಾದ ತಗ್ಗೇ ಪುಟ್ಟಿಯ ಹೊಟ್ಟೆಗೆ ಸ್ನೇಹಿತ.

ಹೆಬ್ರಿ ದಾಟಿದ ಮೇಲೆ ಹಿಂದಿನ ಬಲ ಚಕ್ರ ಪಂಕ್ಚರ್. ಮೊಳೆ. ಒಳ್ಳೆಯದೇ ಆಯಿತು, ಯಾಕೆಂದರೆ ಪಂಕ್ಚರ್ ಅಂಗಡಿಯವನು ಟೈರಿನ ಪಕ್ಕದ ಧೂಳನ್ನು ಹೆಬ್ಬೆರಳಲ್ಲಿ ಉಜ್ಜಿ ಒಂದು ಸಣ್ಣ ಅಂಡಾಕಾರದ ಗುರುತು ತೋರಿಸಿದ. ಒಳಗೆ ನಾಲ್ಕು ಅಂಕಿ: 3219. 2019ರ 32ನೇ ವಾರ ತಯಾರಾದದ್ದು ಎಂದು ಅರ್ಥವಂತೆ. "ಗೆರೆ ಎಲ್ಲ ಉಂಟು ಮಾರಾಯ್ರೆ, ಆದರೆ ರಬ್ಬರ್ ಸತ್ತಿದೆ ನೋಡಿ" ಎಂದು ಟೈರನ್ನು ಬಗ್ಗಿಸಿದ. ಕೂದಲಿನಷ್ಟು ಸಣ್ಣ ಬಿರುಕುಗಳು, ಒಣಗಿದ ಕೆರೆಯ ಮಣ್ಣಿನ ಹಾಗೆ. ಮಾರುವವರಿಗೂ ಇದು ಗೊತ್ತಿರಲಿಕ್ಕಿಲ್ಲ, ಓಡಿಸಿದ್ದೇ ಕಡಿಮೆ. ನಾಲ್ಕೂ ಬದಲಿಸಬೇಕು, ಇಪ್ಪತ್ತು ಸಾವಿರದ ಮೇಲಾಗುತ್ತದೆ. ಅಷ್ಟನ್ನು ಬೆಲೆಯಲ್ಲಿ ಮುರಿಯಲು ಕೇಳುತ್ತೇನೆ. 2023ರ ಏಪ್ರಿಲ್‌ಗೆ ಮುಂಚಿನ ಕಾರಾದ್ದರಿಂದ ಈಗಿನ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಇಂಧನದ ರಬ್ಬರ್ ಪೈಪುಗಳನ್ನೂ ಒಮ್ಮೆ ನೋಡಿಸಬೇಕು. ಬಿಡಿಭಾಗದ ಚಿಂತೆ ನನಗಿಲ್ಲ. ಇದರ 1,462 ಸಿಸಿ ಇಂಜಿನ್ನೇ ಎರ್ಟಿಗಾದಲ್ಲೂ ಇದೆ, ಊರೂರಿಗೂ ಟ್ಯಾಕ್ಸಿಯಾಗಿ ಓಡುತ್ತಿದೆ.

ಮೈಲೇಜ್ ಲೆಕ್ಕ ಒಂದೇ ಸಾಲು. ತುಮಕೂರಿನಲ್ಲಿ ಟ್ಯಾಂಕ್ ತುಂಬಿಸಿದ್ದೆ. ಉಡುಪಿಯಲ್ಲಿ 352 ಕಿಲೋಮೀಟರಿಗೆ 19.3 ಲೀಟರ್ ಹಿಡಿಯಿತು. ಎಸಿ ಹಾಕಿಕೊಂಡು, ಐದು ಜನಕ್ಕೆ, ಲೀಟರಿಗೆ ಹದಿನೆಂಟರ ಮೇಲೆ. ನಾನು ಹದಿನೈದು ಅಂದುಕೊಂಡಿದ್ದೆ.

ಈಗ ಮನಸ್ಸಿಗೆ ಮುಳ್ಳಾಗಿರುವುದನ್ನು ಹೇಳುತ್ತೇನೆ. ಇದಕ್ಕೆ ಎರಡೇ ಏರ್‌ಬ್ಯಾಗು, ಮುಂದೆ ಕೂತವರಿಗೆ ಮಾತ್ರ. ಈ ಗಾತ್ರದ ಹೊಸ ಕಾರುಗಳಲ್ಲಿ ಸ್ಲಾವಿಯಾ, ವರ್ಟಸ್, ವೆರ್ನಾ ಮೂರೂ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದಿವೆ. ಸ್ಲಾವಿಯಾದ ತಳ 179 ಮಿಲಿಮೀಟರ್ ಎತ್ತರ, ತರೀಕೆರೆಯ ಹಂಪಿಗೂ ಅಂಜಬೇಕಿಲ್ಲ. ಆದರೆ ಅವು ತೆರಿಗೆ, ವಿಮೆ ಎಲ್ಲ ಸೇರಿ ನಮ್ಮ ಹತ್ತಿರ ಇರುವ ದುಡ್ಡಿನ ಹೆಚ್ಚುಕಡಿಮೆ ಎರಡರಷ್ಟು. ಸಾಲ ಮಾಡಿ ಕೊಂಡು ಮನೆಯಲ್ಲಿ ನಿಲ್ಲಿಸುವುದೋ, ಇದನ್ನು ಕೊಂಡು ಎಂಬತ್ತು ದಾಟದೆ ಓಡಿಸುವುದೋ? ನಾನು ಎರಡನೆಯದರ ಕಡೆ ವಾಲಿದ್ದೇನೆ. ಆದರೆ ನಿನ್ನ ಮಗಳೂ ಇದರಲ್ಲಿ ಓಡಾಡುವವಳು, ಆದ್ದರಿಂದ ಈ ಒಂದು ವಿಷಯ ನೀನೂ ಯೋಚಿಸಿ ಹೇಳು. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು ಎಂದು ಈಗಾಗಲೇ ಕಾನೂನು ಮಾಡಿದ್ದೇನೆ. ಅಮ್ಮ "ಸೆರಗು ಸುಕ್ಕಾಗುತ್ತೆ" ಎನ್ನುತ್ತಾಳೆ, ಹಾಕಿಕೊಳ್ಳುತ್ತಾಳೆ.

ಕಣ್ಣು ಎಳೆಯುತ್ತಿದೆ. ಉಳಿದದ್ದು ನಾಳೆ.

ತೀರ್ಥಹಳ್ಳಿ, ಭಾನುವಾರ ಮಧ್ಯಾಹ್ನ

ಘಾಟಿ ಹತ್ತಿದೆವು. ಟರ್ಬೊ ಇಲ್ಲದ ಇಂಜಿನ್, ಭಾರ ಹೊತ್ತು ಏರಬೇಕಾದರೆ ಗೇರು ಬೇಗ ಇಳಿಸಿ ಕೊಡಬೇಕು ಅಷ್ಟೇ. ಒಂದು ತಿರುವಿನಲ್ಲಿ ಎದುರಿಗೆ ಮಿನಿ ಬಸ್ಸು ಬಂದು ನಿಲ್ಲಿಸಬೇಕಾಯಿತು. ಹಾಫ್ ಕ್ಲಚ್ಚಿನಲ್ಲಿ ಎತ್ತುವಾಗ ಕಾರಿನೊಳಗೆ ಐದು ಜನವೂ ಉಸಿರು ಹಿಡಿದಿದ್ದರು. ಹತ್ತಿತು.

ಚಿಕ್ಕಮ್ಮನ ಮನೆ ಮುಂದೆ ಅಮ್ಮ ತಾನೇ ಬಾಗಿಲು ತೆರೆದು, ಎರಡೂ ಕಾಲು ಹೊರಗಿಟ್ಟು, ಹಿಡಿ ಹಿಡಿದು ಎದ್ದು ನಿಂತಳು. ಆಮೇಲೆ ಯಾರಾದರೂ ನೋಡಿದರಾ ಎಂದು ಸುತ್ತ ನೋಡಿದಳು. ಊಟ ಮುಗಿಸಿ ಹೊರಡುವ ಹೊತ್ತು. ನಾಳೆ ಬೆಳಿಗ್ಗೆ ಕಾರು ವಾಪಸ್ ಕೊಡಬೇಕಲ್ಲ, ಮರೆತುಹೋದೀತು ಎಂದು ಆ ದಿಂಬನ್ನು ಈಗಲೇ ತೆಗೆದು ಬ್ಯಾಗಿಗೆ ಹಾಕಲು ಹೋದೆ.

"ಅದನ್ನ ಯಾಕೋ ತೆಗೀತೀಯ?" ಅಂದಳು ಅಮ್ಮ. "ಅಲ್ಲೇ ಇರಲಿ ಬಿಡು. ಅವರಿಗೂ ಹೇಳು, ತೆಗೀಬೇಡಿ ಅಂತ."



ನಿನ್ನ ತಮ್ಮ