ಅಂಕಿತವಿಲ್ಲದ ದನಿ

ಹಾಡಿದ ದನಿ ಗಾಳಿಯಲ್ಲಿ ಕರಗಿಹೋಗುವುದು ಲೋಕದ ನಿಯಮ. ಅದನ್ನು ಹಿಡಿದಿಡಲು ಆಕಾಶವಾಣಿ ನೆಚ್ಚಿದ್ದು ಕಾಲಂಗುಲ ಅಗಲದ ಟೇಪಿನ ಸುರುಳಿಯನ್ನು. 1950ರಲ್ಲಿ ಆರಂಭವಾದ ಧಾರವಾಡ ಕೇಂದ್ರಕ್ಕೆ ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು. ಖಯಾಲನ್ನು ಹಾಡಿದ ಅದೇ ಕಂಠ ಶರಣರ ವಚನಗಳನ್ನೂ ಹಾಡಿತು. 1992ರಲ್ಲಿ ಅವರು ಲಿಂಗೈಕ್ಯರಾದರು. ದನಿ ಸುರುಳಿಗಳಲ್ಲಿ ಉಳಿಯಿತು.

ಆದರೆ ಸುರುಳಿಗೂ ಆಯುಷ್ಯದ ಮಿತಿಯುಂಟು. ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಲೇಪಿಸಿರುತ್ತಾರೆ. ಕೆಲವು ಟೇಪುಗಳಲ್ಲಿ ಈ ಅಂಟು ಗಾಳಿಯ ತೇವವನ್ನು ಹೀರಿ ಕೆಡುತ್ತದೆ. ನುಡಿಸಹೊರಟರೆ ಲೇಪವೇ ಕಳಚಿ ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ. ಕೇಳಲು ಮಾಡಿದ ಯತ್ನವೇ ದನಿಯನ್ನು ಅಳಿಸಿಬಿಡುತ್ತದೆ. ಅಂಥ ಸುರುಳಿಯನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿ, ಬೇಗನೆ ಗಣಕಕ್ಕೆ ಇಳಿಸಿಕೊಳ್ಳಬೇಕು. ಒಂದು ಗಂಟೆಯ ಗಾಯನಕ್ಕೆ ಒಂದು ಗಂಟೆಯೇ ಬೇಕು. ಅವಸರಕ್ಕೆ ಅಲ್ಲಿ ಎಡೆಯಿಲ್ಲ. ಈ ಕಾಯಕವನ್ನು ಆಕಾಶವಾಣಿಯು ದೆಹಲಿಯ ಕೇಂದ್ರ ಭಂಡಾರದಲ್ಲಿ 2001ರಲ್ಲಿ ಯೋಜನೆಯಾಗಿ ಕೈಗೊಂಡಿತು.

ಇಷ್ಟಾದರೂ ಕೆಲಸ ಅರ್ಧವೇ ಮುಗಿದಂತೆ. ಹಾಡಿದವರು ಯಾರು, ರಾಗ ಯಾವುದು, ತಬಲಾ ಸಾಥಿ ಯಾರದು, ಧ್ವನಿಮುದ್ರಣವಾದದ್ದು ಎಂದು? ಇವೆಲ್ಲ ಡಬ್ಬಿಯ ಮೇಲಿನ ಚೀಟಿಯಲ್ಲಿರುತ್ತವೆ. ಚೀಟಿ ಉದುರಿದರೆ ದನಿ ಅನಾಥವಾಗುತ್ತದೆ.

ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡವೋಲೆಗಳನ್ನು ಕಲೆಹಾಕಿ ವಚನಗಳನ್ನು ಅಚ್ಚಿಗೆ ತಂದುದನ್ನು ನಾಡು ಬಲ್ಲದು. ಓಲೆಯ ಅಂಚು ಮುರಿದಿದ್ದರೂ ವಚನದ ಕೊನೆಯ ಅಂಕಿತ ಉಳಿದಿದ್ದರೆ, ಇದು ಬಸವಣ್ಣನವರದು, ಇದು ಅಕ್ಕನದು ಎಂದು ತಿಳಿಯಬಹುದಾಗಿತ್ತು. ಖಯಾಲಿಗೆ ಆ ಭಾಗ್ಯವಿಲ್ಲ. ಚೀಜು ಕಟ್ಟಿದವರ ಹೆಸರು ಒಮ್ಮೊಮ್ಮೆ ಅದರೊಳಗಿರಬಹುದು, ಹಾಡಿದವರ ಹೆಸರಿರದು.

ಆಗ ಉಳಿಯುವ ಆಸರೆ ಬಲ್ಲವರ ಕಿವಿಯೊಂದೇ. ದಶಕಗಳ ಕಾಲ ಕೇಳಿದ ಹಿರಿಯರು ಆಲಾಪದ ಮೊದಲ ಉಸಿರಿಗೇ ಕಂಠವನ್ನು ಗುರುತಿಸುತ್ತಾರೆ. ಠೇಕಾದ ತೂಕದಿಂದ ತಬಲಾದವರನ್ನು ಹೇಳುತ್ತಾರೆ. ಆದರೆ ಅವರಿಗೂ ವಯಸ್ಸಾಗುತ್ತಿದೆ. ಸುರುಳಿಯನ್ನು ತಂಪು ಕೋಣೆಯಲ್ಲಿಟ್ಟು ಇನ್ನಷ್ಟು ವರ್ಷ ಕಾಯಬಹುದು. ಆ ಕಿವಿಗಳನ್ನು ಹಾಗೆ ಕಾಯಲಾಗದು. ಆದುದರಿಂದ ಯಂತ್ರದ ಬಳಿ ಅವರಿಗೂ ಒಂದು ಕುರ್ಚಿ ಹಾಕಬೇಕು. ಅವರು ಕೇಳಿ ಹೇಳಿದುದನ್ನು ಅಂದೇ ಬರೆದುಕೊಳ್ಳಬೇಕು. ಹಾಡಿದವರಿಗೆ ಅವರ ಹೆಸರನ್ನು ಮರಳಿ ಕೊಡುವುದು ಕೇಳುವವರ ಮೇಲಿರುವ ಋಣ.