ಹೊಲ ಬಿಡದ ಬ್ಯಾಂಡು

1997ರಲ್ಲಿ ದಿ ಪ್ರಾಡಿಜಿ ತಂಡದ ‘ದಿ ಫ್ಯಾಟ್ ಆಫ್ ದಿ ಲ್ಯಾಂಡ್’ ಬಂದಾಗ ನಾನು ಹಾಸ್ಟೆಲ್‌ನಲ್ಲಿದ್ದೆ. ಅದರ ಕೊನೆಯ ಹಾಡು ‘ಫ್ಯುಯೆಲ್ ಮೈ ಫೈರ್’. ರೂಮ್‌ಮೇಟ್ ಬೈದರೂ ಕ್ಯಾಸೆಟ್ ಹಿಂದಕ್ಕೆ ಸುತ್ತಿ ಅದನ್ನೇ ಕೇಳುತ್ತಿದ್ದೆ. ಇಂಗ್ಲೆಂಡಿನ ಯಾವುದೋ ನೈಟ್‌ಕ್ಲಬ್ಬಿನ ಸಿಟ್ಟು ಅದು ಎಂದೇ ನಂಬಿದ್ದೆ. ಆ ಸಿಟ್ಟು ಹುಟ್ಟಿದ್ದು ಆಸ್ಟ್ರೇಲಿಯಾದ ಒಬ್ಬ ರೈತನಲ್ಲಿ ಎಂದು ತಿಳಿಯುವ ಹೊತ್ತಿಗೆ ನನಗೆ ತಲೆ ನರೆಯತೊಡಗಿತ್ತು.

ಆ ರೈತ ರಾಸ್ ನೈಟ್. ಊರು ವಿಕ್ಟೋರಿಯಾದ ಸ್ಪ್ರಿಂಗ್ ಪ್ಲೇನ್ಸ್. ಎಂಬತ್ತರ ದಶಕದ ಆರಂಭದಲ್ಲಿ ಗೆಳೆಯರೊಡನೆ ಕಟ್ಟಿದ ಬ್ಯಾಂಡಿಗೂ ಮೊದಲು ಊರಿನ ಹೆಸರನ್ನೇ ಇಟ್ಟಿದ್ದ. ಆಮೇಲೆ ಅದು ‘ಕಾಸ್ಮಿಕ್ ಸೈಕೋಸ್’ ಆಯಿತು. ನೈಟ್ ಹಾಡುಗಾರ, ಬೇಸ್ ಗಿಟಾರ್ ಕೂಡ ಅವನದೇ. ಆ ಬೇಸ್ ಸ್ವಚ್ಛವಾಗಿ ಮೊಳಗುವುದಿಲ್ಲ. ಕೆಸರಲ್ಲಿ ಸಿಕ್ಕ ಟ್ರ್ಯಾಕ್ಟರಿನಂತೆ ಒಂದೇ ಕಡೆ ಗುರುಗುಟ್ಟುತ್ತದೆ. ಹಾಡುಗಳಲ್ಲಿ ತತ್ವಜ್ಞಾನ ಹುಡುಕಬೇಡಿ. ಒಂದರ ಹೆಸರೇ ‘ಡೆಡ್ ರೂ’, ಅಂದರೆ ಸತ್ತ ಕಾಂಗರೂ. ಅವರ ಪೋಲಿ ಮಾತು ಕೆಲವೊಮ್ಮೆ ನನಗೂ ಅತಿಯೆನಿಸುತ್ತದೆ.

1989ರ ‘ಗೋ ದಿ ಹ್ಯಾಕ್’ ಆಲ್ಬಮ್ಮಿನಲ್ಲಿ ‘ಲಾಸ್ಟ್ ಕಾಸ್’ ಎಂಬ ಹಾಡಿತ್ತು. ಅಮೆರಿಕದ ಹೆಣ್ಣುಮಕ್ಕಳ ಬ್ಯಾಂಡ್ ಎಲ್‌7 ಅದನ್ನು ಮಾರ್ಪಡಿಸಿ, ಬೇರೆ ಹೆಸರಿಟ್ಟು 1994ರಲ್ಲಿ ಹಾಡಿತು. ಪ್ರಾಡಿಜಿಗೆ ಸಿಕ್ಕಿದ್ದು ಆ ರೂಪ. ಕದ್ದದ್ದಲ್ಲ, ರಚನಕಾರರ ಸಾಲಿನಲ್ಲಿ ನೈಟ್ ಹೆಸರಿದೆ. ಕ್ಯಾಸೆಟ್ಟಿನ ಅಷ್ಟು ಸಣ್ಣ ಅಕ್ಷರವನ್ನು ನಾನು ಓದಿರಲಿಲ್ಲ, ಅಷ್ಟೆ.

1991ರಲ್ಲಿ ಇವರ ‘ಬ್ಲೋಕ್ಸ್ ಯು ಕ್ಯಾನ್ ಟ್ರಸ್ಟ್’ ಆಲ್ಬಮ್ಮಿನ ನಿರ್ಮಾಪಕ ಬುಚ್ ವಿಗ್. ಅದೇ ವರ್ಷ ಅದೇ ವಿಗ್ ನಿರ್ಮಿಸಿದ ಇನ್ನೊಂದು ಆಲ್ಬಮ್ ನಿರ್ವಾಣದ ‘ನೆವರ್‌ಮೈಂಡ್’. ಒಂದು ಜಗತ್ತನ್ನೇ ತಿರುಗಿಸಿತು. ಇನ್ನೊಂದರವರು ಯುರೋಪು, ಅಮೆರಿಕ ಸುತ್ತಿ ಊರಿಗೆ ವಾಪಸಾದರು, ನೈಟ್ ಹೊಲಕ್ಕಿಳಿದ.

ಇದನ್ನು ಬಹುಕಾಲ ನಾನು ಸೋಲಿನ ಕತೆಯಾಗಿ ಓದುತ್ತಿದ್ದೆ. ಯಾಕೆಂದರೆ ನನ್ನದೂ ಹಗಲು ಕಚೇರಿ, ರಾತ್ರಿ ಬರವಣಿಗೆ. ‘ನೌಕರಿ ಬಿಟ್ಟು ಬರೆದಿದ್ದರೆ ಎಲ್ಲೋ ಇರುತ್ತಿದ್ದೆ’ ಎಂದು ಗೆಳೆಯರು ಹೇಳಿದಾಗ ಒಳಗೊಳಗೇ ಖುಷಿ, ಮರುಕ್ಷಣ ನಾಚಿಕೆ. 2013ರಲ್ಲಿ ಬ್ಯಾಂಡಿನ ಬಗ್ಗೆ ಬಂದ ಸಾಕ್ಷ್ಯಚಿತ್ರವನ್ನು ಒಂದು ರಾತ್ರಿ ನೋಡಿದೆ. ಆ ಮನುಷ್ಯನ ಮುಖದಲ್ಲಿ ನಾನು ಹುಡುಕುತ್ತಿದ್ದ ಕೊರಗು ಸಿಗಲೇ ಇಲ್ಲ. ನನ್ನ ಕೊರಗಿಗೊಬ್ಬ ಜೊತೆಗಾರ ಬೇಕಿತ್ತೇನೋ. ನಿಜಕ್ಕೂ ಸ್ವಲ್ಪ ಬೇಜಾರಾಯಿತು.

ಪೆಟ್ಟು ಬಿದ್ದದ್ದು ಬೇರೆ ಕಡೆ. ಡ್ರಮ್ಮರ್ ಬಿಲ್ ವಾಲ್ಷ್ 2005ರಲ್ಲಿ ತಂಡ ಬಿಟ್ಟ. ಮರುವರ್ಷ ಗಿಟಾರ್ ವಾದಕ ರಾಬಿ ವಾಟ್ಸ್ ತೀರಿಕೊಂಡ. ಅವನ ವಾ-ವಾ ಪೆಡಲ್ಲಿನ ಊಳಿಲ್ಲದ ಕಾಸ್ಮಿಕ್ ಸೈಕೋಸ್ ಇರಬಹುದೆಂದು ನನಗನ್ನಿಸಿರಲಿಲ್ಲ. ನೈಟ್ ಹೊಸಬರೊಡನೆ ಮತ್ತೆ ನಿಂತ. 2011ರಲ್ಲಿ ಹೊಸ ಆಲ್ಬಮ್, ಆಮೇಲೆ ಇನ್ನಷ್ಟು.

ಚಿತ್ರ ಮುಗಿದಾಗ ಎರಡು ಗಂಟೆ. ಮಾರನೆಯ ದಿನ ಎಂಟೂಕಾಲಿನ ಬಸ್ಸಿನಲ್ಲಿ ನಿಂತೇ ‘ಲಾಸ್ಟ್ ಕಾಸ್’ ಕೇಳಿದೆ. ನಿಲ್ದಾಣ ಬಂದರೂ ಇಳಿಯಲು ನೆನಪಾಗಲಿಲ್ಲ. ಕಚೇರಿಗೆ ತಡವಾಯಿತು.